ಹೊಸ್ತಿಲು ದಾಟದೆ ಸುದ್ದಿ ಮುಟ್ಟಿಸುವ ಅಣು

ಪರದೆಯ ಮೇಲೆ ಹರಿದಾಡುತ್ತಿರುವ ಈ ಪುಟ್ಟ ಕಡ್ಡಿಗಳು ಇ. ಕೋಲಿ ಬ್ಯಾಕ್ಟೀರಿಯಾಗಳು. ನಿನ್ನೆ ಸಂಜೆ ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕಕ್ಕೆ ಮೊಬೈಲ್ ಹಿಡಿದು ಚಿತ್ರಿಸಿದೆ. ಒಂದೊಂದರ ಉದ್ದ ಸುಮಾರು 2 ಮೈಕ್ರೋಮೀಟರ್. ಎಡ ಅಂಚಿನಲ್ಲಿ ಕಾಣುವುದು ಗಾಜಿನ ಸಪೂರ ನಳಿಕೆಯ ಬಾಯಿ. ಅದರಲ್ಲಿ ಆಸ್ಪಾರ್ಟೇಟ್ ಎಂಬ ಅಮೈನೋ ಆಮ್ಲದ ದ್ರಾವಣವಿದೆ.

ಒಂದನ್ನೇ ಹಿಡಿದು ನೋಡಿ. ಒಂದು ಸೆಕೆಂಡಿನಷ್ಟು ನೇರ ಓಟ, ಚಿಟಿಕೆ ಹೊಡೆಯುವುದರೊಳಗೆ ಒಂದು ಹೊರಳು, ಮತ್ತೆ ಓಟ. ಹೊರಳಿದ ಮೇಲೆ ಯಾವ ದಿಕ್ಕು ಸಿಗುತ್ತದೋ ಅದೇ ದಾರಿ. ಹೀಗಿದ್ದೂ ಇವು ನಳಿಕೆಯನ್ನು ಹುಡುಕಿಕೊಂಡು ಬರುತ್ತವೆ.

ಇಂಥದೇ ನಳಿಕೆಗಳಿಂದ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ವಿಜ್ಞಾನಿ ಜೂಲಿಯಸ್ ಆಡ್ಲರ್ 1969ರಲ್ಲಿ ಒಂದು ಸೊಗಸಾದ ವಿಷಯ ತೋರಿಸಿದರು. ಗ್ಯಾಲಕ್ಟೋಸ್ ಸಕ್ಕರೆಯನ್ನು ಅರಗಿಸಿಕೊಳ್ಳಲಾರದ ಬ್ಯಾಕ್ಟೀರಿಯಾಗಳೂ ಅದರತ್ತ ಈಜಿ ಬಂದವು. ಉಣ್ಣಲಾಗದಿದ್ದರೂ ರುಚಿ ಗೊತ್ತಾಗುತ್ತದೆ!

ಆ ರುಚಿ ಒಳಗೆ ತಲುಪುವ ಬಗೆಯೇ ನನ್ನನ್ನು ನಿದ್ದೆಗೆಡಿಸಿದ್ದು. ಜೀವಕೋಶದ ಪೊರೆಯನ್ನು ಹಾದು ನಿಂತ 'ಟಾರ್' ಎಂಬ ಗ್ರಾಹಕ ಪ್ರೋಟೀನ್ ಇದೆ. ಆಸ್ಪಾರ್ಟೇಟ್ ಅದರ ಹೊರತುದಿಯಲ್ಲಿ ಕೂರುತ್ತದೆ, ಅಷ್ಟೇ. ಪ್ರೋಟೀನಿನ ಒಂದು ಸುರುಳಿ ಒಳಮುಖವಾಗಿ 0.2 ನ್ಯಾನೋಮೀಟರಿನಷ್ಟು ಜರುಗುತ್ತದೆ. ಅಷ್ಟು ಅಲುಗಾಟಕ್ಕೇ ಒಳಗಿನ 'ಕೀ-ಎ' ಎಂಬ ಕಿಣ್ವ ಸುಮ್ಮನಾಗುತ್ತದೆ. ಅದು ಎಚ್ಚರವಿದ್ದಾಗ 'ಕೀ-ವೈ' ಎಂಬ ಓಲೆಕಾರ ಪ್ರೋಟೀನಿಗೆ ಫಾಸ್ಫೇಟ್ ಕೊಟ್ಟು ಕಳಿಸುತ್ತಿರುತ್ತದೆ. ಓಲೆ ತಲುಪಿದರೆ ಕಶಾಂಗದ, ಅಂದರೆ ಈಜಲು ಬಳಸುವ ಬಾಲದಂಥ ಎಳೆಯ, ಮೋಟಾರು ಪ್ರದಕ್ಷಿಣವಾಗಿ ತಿರುಗಿ ಜೀವಿ ಹೊರಳುತ್ತದೆ. ಓಲೆ ಬಾರದಿದ್ದರೆ ಓಟ ಮುಂದುವರಿಯುತ್ತದೆ. ಒಳ್ಳೆಯ ಸುದ್ದಿ ಇಲ್ಲಿ ಮೌನವಾಗಿ ಬರುತ್ತದೆ ಎಂದು ಓದಿದ ದಿನ ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಕುಳಿತಿದ್ದೆ.

ಇಷ್ಟು ಗಿಡ್ಡ ಮೈಯಲ್ಲಿ ಆಸ್ಪಾರ್ಟೇಟ್ ತಲೆಯ ಕಡೆ ಹೆಚ್ಚೋ ಬಾಲದ ಕಡೆ ಹೆಚ್ಚೋ ಎಂದು ಅಳೆಯುವುದು ಕಷ್ಟ. ಆದ್ದರಿಂದ ಅದು ಈಗಿನದನ್ನು ಕೆಲವು ಸೆಕೆಂಡು ಹಿಂದಿನದಕ್ಕೆ ಹೋಲಿಸುತ್ತದೆ. ಗ್ರಾಹಕದ ಒಳಭಾಗಕ್ಕೆ ಒಂದು ಕಿಣ್ವ ಮೀಥೈಲ್ ಗುಂಪುಗಳೆಂಬ ಪುಟ್ಟ ರಾಸಾಯನಿಕ ತುಣುಕುಗಳನ್ನು ಅಂಟಿಸುತ್ತದೆ, ಇನ್ನೊಂದು ಕೀಳುತ್ತದೆ. ಈ ಕೆಲಸ ನಿಧಾನ, ಹಾಗಾಗಿ ಅಂಟಿರುವ ಗುಂಪುಗಳು ಕೆಲವು ಸೆಕೆಂಡು ಹಿಂದಿನ ಸ್ಥಿತಿಯನ್ನೇ ಹೇಳುತ್ತಿರುತ್ತವೆ. ಆ ನಿಧಾನವೇ ಅದರ ನೆನಪು. ಮಿದುಳಿಲ್ಲದ ಜೀವಿಯಲ್ಲಿ 'ಆಗ' ಮತ್ತು 'ಈಗ' ಎರಡೂ ಇವೆ.

ಅದೇ ಚಿತ್ರಣವನ್ನು ಈಗ ನಿಧಾನಗತಿಯಲ್ಲಿ ಹಾಕುತ್ತೇನೆ. ನಳಿಕೆಯ ಕಡೆಗೆ ಹೊರಟವು ಎಷ್ಟು ಹೊತ್ತು ಹೊರಳದೆ ಓಡುತ್ತವೆ, ಎಣಿಸುತ್ತಾ ಬನ್ನಿ.