ಫೈಲು ಉಳಿದರೆ ಸಾಲದು, ಇಡೀ ಡಿಸ್ಕ್ ಉಳಿಯಬೇಕು

ನಮಸ್ಕಾರ. ಹಾಸನದ ಪ್ರಿಂಟಿಂಗ್ ಪ್ರೆಸ್ಸುಗಳಲ್ಲಿ, ಸಕಲೇಶಪುರ ಮತ್ತು ಮೂಡಿಗೆರೆ ಕಡೆಯ ಕಾಫಿ ತೋಟಗಳ ಕಚೇರಿಗಳಲ್ಲಿ, ಸಹಕಾರ ಸಂಘಗಳ ಅಟ್ಟಗಳಲ್ಲಿ 1990ರ ದಶಕದ ಕಂಪ್ಯೂಟರುಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಜಾಗ ಬೇಕಾದ ದಿನ ಅವು ಗುಜರಿಗೆ ಹೋಗುತ್ತವೆ. ಹೋಗುವ ಮುಂಚೆ ಯಾರಾದರೂ ಹಾರ್ಡ್ ಡಿಸ್ಕಿನಿಂದ ಬೇಕೆನಿಸಿದ ಫೈಲುಗಳನ್ನು ತೆಗೆದಿಟ್ಟುಕೊಂಡರೆ ಅಷ್ಟಕ್ಕೇ ನಾವು ಸಮಾಧಾನಪಡುತ್ತೇವೆ. ಆ ಸಮಾಧಾನ ಸರಿಯಲ್ಲ ಎಂಬುದು ನನ್ನ ವಾದ. ಆಪರೇಟಿಂಗ್ ಸಿಸ್ಟಂ ಸಮೇತ ಇಡೀ ಡಿಸ್ಕನ್ನು, ಮೊದಲ ಸೆಕ್ಟರಿನಿಂದ (ಡಿಸ್ಕಿನ ಅತಿ ಚಿಕ್ಕ ತುಂಡು) ಕೊನೆಯ ಸೆಕ್ಟರಿನವರೆಗೆ ಏನನ್ನೂ ಬಿಡದೆ ಪ್ರತಿ ಮಾಡಿ ಇಡಬೇಕು. ಕನ್ನಡದಲ್ಲಿ ಕೆಲಸ ಮಾಡಿದ ಯಂತ್ರಗಳ ವಿಷಯದಲ್ಲಂತೂ ಇದಕ್ಕಿಂತ ಕಡಿಮೆಯದ್ದನ್ನು ಸಂರಕ್ಷಣೆ ಎಂದು ಕರೆಯಲು ನಾನು ಸಿದ್ಧನಿಲ್ಲ.

ಹಾಸನದ ಒಂದು ಪ್ರೆಸ್ಸಿನ ಯಜಮಾನರು ನನಗೆ ಹೇಳಿದ್ದು ಹೀಗೆ: "ಅದ್ರಲ್ಲಿ ಇನ್ನೇನೂ ಇಲ್ಲ ಸಾರ್, ಬೇಕಾದ್ ಫೈಲೆಲ್ಲಾ ಪೆನ್‌ಡ್ರೈವ್‌ಗೆ ಹಾಕ್ಕೊಂಡ್ಬಿಟ್ಟಿದೀವಿ." ಅವರು ಸುಳ್ಳು ಹೇಳಲಿಲ್ಲ. ಊರಿನ ವಾರಪತ್ರಿಕೆಯ ಪುಟಗಳು, ಜಾತ್ರೆಯ ಕರಪತ್ರಗಳು, ಸ್ಥಳೀಯ ಕವಿಗಳ ಸಂಕಲನಗಳು ಎಲ್ಲವೂ ಆ ಪೆನ್‌ಡ್ರೈವಿನಲ್ಲಿದ್ದವು. ಆದರೆ ಇಂದಿನ ಕಂಪ್ಯೂಟರಿನಲ್ಲಿ ಅವನ್ನು ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಮತ್ತು ಚಿಹ್ನೆಗಳು ಸಾಲುಗಟ್ಟಿ ನಿಲ್ಲುತ್ತವೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಸಂಕೇತಪಟ್ಟಿ ಒದಗಿಸುವ ಯೂನಿಕೋಡ್ ಬಳಕೆಗೆ ಬರುವ ಮುನ್ನ ಡಿಟಿಪಿಯಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಕೆಲಸದಲ್ಲಿ, ಕನ್ನಡವನ್ನು ಅಕ್ಷರಗಳಾಗಿ ಉಳಿಸುತ್ತಿರಲಿಲ್ಲ, ಅಕ್ಷರಗಳ ತುಂಡುಗಳಾಗಿ ಉಳಿಸುತ್ತಿದ್ದರು. ಒಂದು ಫಾಂಟಿನಲ್ಲಿರುವ 256 ಸ್ಥಾನಗಳಲ್ಲಿ ಒಂದಕ್ಕೆ ತಲೆಕಟ್ಟು, ಇನ್ನೊಂದಕ್ಕೆ ಕೊಂಬು, ಮತ್ತೊಂದಕ್ಕೆ ಒತ್ತಕ್ಷರ ಎಂದು ಹಂಚಿ, ಅವುಗಳನ್ನು ಜೋಡಿಸಿ ಪರದೆಯ ಮೇಲೆ ಕನ್ನಡ ಮೂಡಿಸುತ್ತಿದ್ದರು. ಈ ಹಂಚಿಕೆಯನ್ನು ಪ್ರತಿಯೊಂದು ತಂತ್ರಾಂಶವೂ ತನಗೆ ಬೇಕಾದಂತೆ ಮಾಡಿಕೊಂಡಿತ್ತು. ಶ್ರೀಲಿಪಿಯಲ್ಲಿ ಟೈಪ್ ಮಾಡಿದ್ದು ಪ್ರಕಾಶಕದಲ್ಲಿ ಓದಲು ಬರುತ್ತಿರಲಿಲ್ಲ, ಆಕೃತಿಯದ್ದು ಬರಹದಲ್ಲಿ ಬರುತ್ತಿರಲಿಲ್ಲ. ನುಡಿ ಮತ್ತು ಬರಹಗಳಿಂದ ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ಇಂದು ಇವೆ. ಮಿಕ್ಕ ಎಷ್ಟೋ ಫಾಂಟುಗಳಿಗೆ, ಆ ಫಾಂಟ್ ಕಡತವನ್ನೇ ಎದುರಿಗಿಟ್ಟುಕೊಂಡು ಯಾವ ಸ್ಥಾನದಲ್ಲಿ ಯಾವ ತುಂಡಿದೆ ಎಂದು ನಾವೇ ಪಟ್ಟಿ ಮಾಡಬೇಕಾಗುತ್ತದೆ. ಆ ಫಾಂಟ್ ಇದ್ದದ್ದು ಗುಜರಿಗೆ ಹೋದ ಡಿಸ್ಕಿನ ವಿಂಡೋಸ್ ಫೋಲ್ಡರಿನಲ್ಲಿ.

ಹಾಗಾದರೆ ಫಾಂಟುಗಳನ್ನೂ ನಕಲು ಮಾಡಿಕೊಂಡರೆ ಸಾಲದೇ ಎಂದು ಕೇಳಬಹುದು. ಸಾಲುವುದಿಲ್ಲ. ಪುಟವಿನ್ಯಾಸಕ್ಕೆ ಪೇಜ್‌ಮೇಕರ್ ಬೇಕು, ಅದರ ಕೊನೆಯ ಆವೃತ್ತಿಯಾದ 7 ಬಂದದ್ದು 2001ರಲ್ಲಿ. ಕನ್ನಡ ತಂತ್ರಾಂಶದ ಕೀಲಿಮಣೆ ಚಾಲಕ, ಅದರ ಸೆಟ್ಟಿಂಗುಗಳು, ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಅದು ಬರೆದುಕೊಂಡ ನಮೂದುಗಳು ಇವೆಲ್ಲ ಒಟ್ಟಿಗೆ ಇದ್ದಾಗ ಮಾತ್ರ ಆ ಪುಟ ಅಂದು ಕಂಡಂತೆ ಇಂದೂ ಕಾಣುತ್ತದೆ. ವಿಂಡೋಸ್‌ಗೂ ಹಿಂದಿನ ಆಪರೇಟಿಂಗ್ ಸಿಸ್ಟಂ ಆದ ಡಾಸ್ ಕಾಲದ ಯಂತ್ರಗಳಾದರೆ ಇನ್ನೊಂದು ತೊಡಕಿದೆ. ಕಾನ್ಪುರದ ಐಐಟಿಯಲ್ಲಿ ಆರಂಭವಾಗಿ ಮುಂದೆ ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಬೆಳೆಸಿದ ಜಿಸ್ಟ್ ಕಾರ್ಡನ್ನು ಕಂಪ್ಯೂಟರಿನೊಳಗೆ ಕೂರಿಸಿ ಡಾಸ್‌ನಲ್ಲಿ ಭಾರತೀಯ ಲಿಪಿಗಳನ್ನು ತೋರಿಸುತ್ತಿದ್ದರು. ಆ ವ್ಯವಸ್ಥೆ ಇಸ್ಕಿ ಎಂಬ ಸಂಕೇತವನ್ನು ಬಳಸುತ್ತಿತ್ತು, 1991ರಲ್ಲಿ ಅದು ರಾಷ್ಟ್ರೀಯ ಮಾನಕವೂ ಆಯಿತು. ಆದ್ದರಿಂದ ಇಸ್ಕಿಯಲ್ಲಿರುವ ಪಠ್ಯವನ್ನು ಇಂದು ಯೂನಿಕೋಡಿಗೆ ತರುವುದು ಸಾಧ್ಯ. ಮಾನಕವೊಂದನ್ನು ಎಲ್ಲರೂ ಪಾಲಿಸಿದ್ದರೆ ನಾನು ಈ ಮಾತುಗಳನ್ನು ಆಡಬೇಕಾಗುತ್ತಿರಲಿಲ್ಲ. ವಿಂಡೋಸ್‌ನಲ್ಲಿಯೇ ಯೂನಿಕೋಡ್ ಕನ್ನಡಕ್ಕೆ ನೆಲೆ ಸಿಕ್ಕಿದ್ದು 2001ರ ಎಕ್ಸ್‌ಪಿಯೊಂದಿಗೆ, ತುಂಗ ಫಾಂಟಿನ ಮೂಲಕ. ಅದಕ್ಕೆ ಹಿಂದಿನದೆಲ್ಲವೂ, ಅದರ ನಂತರದ ಎಷ್ಟೋ ವರ್ಷಗಳ ಡಿಟಿಪಿ ಕೆಲಸವೂ, ತಾನು ಹುಟ್ಟಿದ ಡಿಸ್ಕಿಗೇ ಕಟ್ಟುಬಿದ್ದಿದೆ.

ನಮ್ಮ ಜಿಲ್ಲೆಯ ಹಲ್ಮಿಡಿಯಂಥ ಶಾಸನದ ಕಲ್ಲಿಗೆ ಒದ್ದೆ ಕಾಗದ ಹಚ್ಚಿ, ಮಸಿ ಬಡಿದು ಪಡಿಯಚ್ಚು ತೆಗೆಯುವವರು ತಮಗೆ ಓದಲು ಬರುವ ಅಕ್ಷರಗಳನ್ನಷ್ಟೇ ಆರಿಸಿಕೊಳ್ಳುವುದಿಲ್ಲ. ಸವೆದ ಭಾಗ, ಬಿರುಕು, ಅಂಚು ಎಲ್ಲವೂ ಕಾಗದಕ್ಕೆ ಬರುತ್ತವೆ, ಓದುವ ಕೆಲಸ ಆಮೇಲೆ ನಡೆಯುತ್ತದೆ. ಡಿಸ್ಕಿನ ವಿಷಯದಲ್ಲೂ ಕ್ರಮ ಅದೇ: ಮೊದಲು ಪೂರ್ತಿ ಪ್ರತಿ, ನಂತರ ಗುರುತಿಸುವಿಕೆ.

ಬಹಳ ಜನ ಇದನ್ನು ತಿರುವುಮುರುವಾಗಿ ಮಾಡುತ್ತಾರೆ. ಒಳಗೆ ಏನಿದೆ ಎಂದು ನೋಡಲು ಹಳೆಯ ಯಂತ್ರಕ್ಕೆ ವಿದ್ಯುತ್ ಕೊಟ್ಟು ಬೂಟ್ ಮಾಡುತ್ತಾರೆ. ವಿಂಡೋಸ್ 98 ಸರಿಯಾಗಿ ಮುಚ್ಚದೆ ನಿಂತಿದ್ದರೆ, ಎದ್ದ ಕೂಡಲೇ ಡಿಸ್ಕ್ ಪರೀಕ್ಷಿಸುವ ಸ್ಕ್ಯಾನ್‌ಡಿಸ್ಕ್ ಓಡಿಸಿ ಕಡತಗಳ ಪಟ್ಟಿಯನ್ನು ತನಗೆ ತೋಚಿದಂತೆ ತಿದ್ದಲು ಹೊರಡುತ್ತದೆ. ಸರಿಯಾಗಿ ಮುಚ್ಚಿದ್ದರೂ ರಿಜಿಸ್ಟ್ರಿಗೆ, ಮೆಮೊರಿ ಸಾಲದಾಗ ಬಳಸುವ ಸ್ವಾಪ್ ಕಡತಕ್ಕೆ ಬರೆಯುತ್ತದೆ. ಹೊಸ ಕಂಪ್ಯೂಟರಿಗೆ ಜೋಡಿಸಿದರೆ ಅಪಾಯ ಇನ್ನೂ ದೊಡ್ಡದು. ಡಿಸ್ಕಿನ ವಿನ್ಯಾಸ ಅರ್ಥವಾಗದಿದ್ದಾಗ ಇಂದಿನ ವಿಂಡೋಸ್ ಅದನ್ನು ಇನಿಶಿಯಲೈಸ್ ಮಾಡಬೇಕೇ, ಫಾರ್ಮ್ಯಾಟ್ ಮಾಡಬೇಕೇ ಎಂದು ಕೇಳುತ್ತದೆ, ಅವಸರದಲ್ಲಿ ಒತ್ತಿದ ಒಂದು ಗುಂಡಿ ಮೊದಲ ಸೆಕ್ಟರನ್ನೇ ಹೊಸದಾಗಿ ಬರೆದುಬಿಡುತ್ತದೆ.

ನಾನು ಸೂಚಿಸುವ ದಾರಿ ಇದು. ಆ ಕಾಲದ ಡಿಸ್ಕುಗಳನ್ನು ಜೋಡಿಸುವ ಐಡಿಇ ಪೋರ್ಟ್ ಇರುವ, ಕೆಲಸ ಮಾಡುವ ಒಂದು ಹಳೆಯ ಮದರ್‌ಬೋರ್ಡ್ ಹುಡುಕಿಕೊಳ್ಳಿ. ತೀರಾ ಹಳೆಯ ಡಿಸ್ಕುಗಳನ್ನು ಯುಎಸ್‌ಬಿ ಅಡಾಪ್ಟರುಗಳು ಅನೇಕ ವೇಳೆ ಗುರುತಿಸುವುದೇ ಇಲ್ಲ. ಸಾಧ್ಯವಾದರೆ ಬರೆಯುವುದನ್ನು ತಡೆಯುವ ರೈಟ್ ಬ್ಲಾಕರ್ ಬಳಸಿ. ಲಿನಕ್ಸ್‌ನಿಂದ ಬೂಟ್ ಮಾಡಿ, ಡಿಸ್ಕನ್ನು ಮೌಂಟ್ ಮಾಡದೆಯೇ (ಅದರ ಕಡತಗಳನ್ನು ತೆರೆಯದೆಯೇ) ಡಿಡಿರೆಸ್ಕ್ಯೂ ತಂತ್ರಾಂಶದಿಂದ ಪ್ರತಿ ತೆಗೆಯಿರಿ. ಸುಲಭವಾಗಿ ಓದಲು ಸಿಗುವ ಭಾಗಗಳನ್ನು ಅದು ಮೊದಲು ಪಡೆದುಕೊಂಡು, ಕೆಟ್ಟ ಸೆಕ್ಟರುಗಳಿರುವ ಪ್ರದೇಶವನ್ನು ದಾಟಿ ಮುಂದೆ ಹೋಗುತ್ತದೆ; ಎಲ್ಲಿ ಏನು ಉಳಿಯಿತು ಎಂಬುದನ್ನು ಒಂದು ನಕ್ಷೆಯ ಕಡತದಲ್ಲಿ ಬರೆದಿಟ್ಟುಕೊಂಡು, ಆಮೇಲೆ ಹಿಂದಿರುಗಿ ಆ ಕಷ್ಟದ ಜಾಗಗಳನ್ನು ಸ್ವಲ್ಪಸ್ವಲ್ಪವಾಗಿ ಓದಲು ಯತ್ನಿಸುತ್ತದೆ. ಸಾಯುತ್ತಿರುವ ಡಿಸ್ಕಿಗೆ ಇದಕ್ಕಿಂತ ವಿವೇಕದ ಉಪಚಾರ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ. ಮಲೆನಾಡಿನ ಮಳೆಗಾಲದಲ್ಲಿ ತೇವ ಹೀರಿಕೊಂಡು ಕುಳಿತ ಡಿಸ್ಕನ್ನು ಒಣಗಿದ ಕೋಣೆಯಲ್ಲಿ ಕೆಲವು ದಿನ ಇಟ್ಟ ಮೇಲೆಯೇ ವಿದ್ಯುತ್ ಕೊಡಬೇಕು. ಒಮ್ಮೆ ತಿರುಗಲು ಶುರುವಾಯಿತೆಂದರೆ, ಪ್ರತಿ ಮುಗಿಯುವ ತನಕ ಅದನ್ನು ನಿಲ್ಲಿಸದಿರುವುದು ಒಳ್ಳೆಯದು, ಏಕೆಂದರೆ ಮತ್ತೆ ತಿರುಗುತ್ತದೆ ಎಂಬ ಭರವಸೆ ಯಾರಿಗೂ ಇಲ್ಲ. ಮುಗಿದ ಮೇಲೆ ಇಮೇಜಿನ, ಅಂದರೆ ಆ ಪೂರ್ಣ ಪ್ರತಿಯ ಕಡತದ, ಎಸ್‌ಎಚ್‌ಎ-256 ಮೊತ್ತವನ್ನು (ಪ್ರತಿ ಬದಲಾಗಿಲ್ಲ ಎಂದು ಪರೀಕ್ಷಿಸುವ ಸಂಖ್ಯೆ) ಬರೆದಿಡಿ, ಮುಂದಿನ ಎಲ್ಲ ಕೆಲಸವನ್ನೂ ಆ ಇಮೇಜಿನ ನಕಲಿನ ಮೇಲೆ ಮಾತ್ರ ಮಾಡಿ. ಜಾಗದ ನೆಪ ಇಲ್ಲಿ ನಿಲ್ಲುವುದಿಲ್ಲ: ಆ ಕಾಲದ 540 ಮೆಗಾಬೈಟಿನ ಡಿಸ್ಕುಗಳು ಇಂದಿನ 16 ಗಿಗಾಬೈಟಿನ ಪೆನ್‌ಡ್ರೈವಿನಲ್ಲಿ ಇಪ್ಪತ್ತೈದಕ್ಕೂ ಹೆಚ್ಚು ಹಿಡಿಯುತ್ತವೆ.

ಇನ್ನು ಗುರುತಿಸುವ ಕೆಲಸ. ಮೊದಲ ಸೆಕ್ಟರಿನಲ್ಲಿ 512 ಬೈಟುಗಳಿವೆ. 446 ಬೈಟುಗಳಾದ ಮೇಲೆ ನಾಲ್ಕು ವಿಭಾಗಗಳ ಪಟ್ಟಿ, ಕೊನೆಯಲ್ಲಿ 55 ಎಎ ಎಂಬ ಎರಡು ಬೈಟುಗಳ ಸಹಿ (ಬೈಟುಗಳ ಬೆಲೆಯನ್ನು ಹದಿನಾರರ ಎಣಿಕೆಯಲ್ಲಿ ಬರೆಯುತ್ತಿದ್ದೇನೆ). ಪಟ್ಟಿಯ ಪ್ರತಿ ನಮೂದಿನಲ್ಲೂ ವಿಭಾಗದ ಬಗೆಯನ್ನು ಹೇಳುವ ಒಂದು ಬೈಟ್ ಇದೆ: 06 ಇದ್ದರೆ ಡಾಸ್ ಮತ್ತು ವಿಂಡೋಸ್ ಕಡತಗಳನ್ನಿಡುವ ಫ್ಯಾಟ್16 ವ್ಯವಸ್ಥೆ, 0ಬಿ ಇದ್ದರೆ ಫ್ಯಾಟ್32, 83 ಇದ್ದರೆ ಲಿನಕ್ಸ್, 63 ಇದ್ದರೆ ಎಸ್‌ಸಿಒ ಯುನಿಕ್ಸ್‌ನಂಥ ಯುನಿಕ್ಸ್ ಇರಬಹುದು, 65 ಇದ್ದರೆ ನೊವೆಲ್ ನೆಟ್‌ವೇರ್. ಆದರೆ ಈ ಬೈಟನ್ನು ನಂಬಿ ತೀರ್ಪು ಕೊಡುವವರು ಎಡವುತ್ತಾರೆ. 07 ಎಂಬುದು ವಿಂಡೋಸ್ ಎನ್‌ಟಿಯದ್ದೂ ಆಗಬಹುದು, ಐಬಿಎಂನ ಓಎಸ್/2ರದ್ದೂ ಆಗಬಹುದು. 06ರ ಒಳಗೆ ಡಾಸ್, ವಿಂಡೋಸ್ 95, ಎನ್‌ಟಿ ಮೂರರಲ್ಲಿ ಯಾವುದು ಬೇಕಾದರೂ ಇರಬಹುದು. ವಿಭಾಗದ ಬೂಟ್ ಸೆಕ್ಟರಿನಲ್ಲಿರುವ ಎಂಎಸ್‌ಡಾಸ್5.0 ಎಂಬ ಹೆಸರನ್ನು ಕಂಡು ಇದು ಡಾಸ್ 5 ಎಂದು ಬರೆದಿಡುವುದೂ ತಪ್ಪೇ, ಏಕೆಂದರೆ ಡಾಸ್ 6 ಸಹ, ವಿಂಡೋಸ್ 2000 ಮತ್ತು ಎಕ್ಸ್‌ಪಿಗಳು ಸಹ ಫ್ಯಾಟ್ ಡಿಸ್ಕನ್ನು ಸಿದ್ಧಪಡಿಸುವಾಗ ಅದೇ ಹೆಸರನ್ನು ಬರೆಯುತ್ತವೆ.

ನಿಜವಾದ ಸಾಕ್ಷಿ ಕಡತಗಳಲ್ಲಿದೆ. ಮೂಲ ಫೋಲ್ಡರಿನಲ್ಲಿ ಐಓ.ಸಿಸ್ ಇದ್ದರೆ ಮೈಕ್ರೋಸಾಫ್ಟಿನ ಡಾಸ್ ಕುಟುಂಬ, ಐಬಿಎಂಬಯೋ.ಕಾಂ ಇದ್ದರೆ ಪಿಸಿ-ಡಾಸ್ ಅಥವಾ ಡಿಆರ್-ಡಾಸ್, ಎನ್‌ಟಿಎಲ್‌ಡಿಆರ್ ಇದ್ದರೆ ಎನ್‌ಟಿಯಿಂದ ಎಕ್ಸ್‌ಪಿಯವರೆಗಿನ ಸಾಲು. ಎಂಎಸ್‌ಡಾಸ್.ಸಿಸ್ ಕಡತ ಹಳೆಯ ಡಾಸ್‌ನಲ್ಲಿ ಯಂತ್ರಸಂಕೇತವಾಗಿತ್ತು, ವಿಂಡೋಸ್ 95ರಿಂದ ಓದಬಹುದಾದ ಬರೀ ಪಠ್ಯವಾಯಿತು, ಹಾಗಾಗಿ ಅದನ್ನು ತೆರೆದು ನೋಡಿದರೇ ಕಾಲ ತಿಳಿಯುತ್ತದೆ. ಆವೃತ್ತಿ ಸಂಖ್ಯೆ 4.10.1998 ಇದ್ದರೆ ವಿಂಡೋಸ್ 98ರ ಮೊದಲ ಆವೃತ್ತಿ, 4.10.2222 ಇದ್ದರೆ ಎರಡನೆಯದು. ಡಾಸ್ ಮೇಲೆಯೇ ವಿಂಡೋಸ್ 95 ಹಾಕಿದ್ದಲ್ಲಿ, ಹಳೆಯ ಡಾಸ್‌ನ ಕಡತಗಳು ಐಓ.ಡಾಸ್, ಎಂಎಸ್‌ಡಾಸ್.ಡಾಸ್ ಎಂಬ ಹೆಸರಿನಲ್ಲಿ ಪಕ್ಕದಲ್ಲೇ ಉಳಿದಿರುತ್ತವೆ. ಹೀಗೆ ಒಂದೇ ಡಿಸ್ಕಿನಲ್ಲಿ ಎರಡು ಕಾಲಗಳು ಒಂದರ ಮೇಲೊಂದು ಕುಳಿತಿರುವುದನ್ನು ಕಂಡಾಗ ನನಗಾಗುವ ಸಂತೋಷ ದೊಡ್ಡದು. ಆ ಕಚೇರಿ ಯಾವ ಕ್ರಮದಲ್ಲಿ ಬೆಳೆಯಿತು ಎಂಬುದು ಅಲ್ಲಿಂದಲೇ ತಿಳಿಯುತ್ತದೆ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಯಂತ್ರವನ್ನು ಎಬ್ಬಿಸುವ, ಮದರ್‌ಬೋರ್ಡಿನಲ್ಲಿರುವ ತಂತ್ರಾಂಶವೇ ಬಯೋಸ್. ಆ ಕಾಲದ ಬಯೋಸ್‌ಗಳು 504 ಮೆಗಾಬೈಟಿಗಿಂತ ದೊಡ್ಡ ಡಿಸ್ಕನ್ನು ಪೂರ್ತಿಯಾಗಿ ಕಾಣಲಾರದೆ ಇದ್ದಾಗ, ಆನ್‌ಟ್ರ್ಯಾಕ್ ಡಿಸ್ಕ್ ಮ್ಯಾನೇಜರ್‌ನಂಥ ಸಣ್ಣ ತಂತ್ರಾಂಶವನ್ನು ಡಿಸ್ಕಿನ ಆರಂಭದಲ್ಲಿ ಕೂರಿಸಿ ದಾರಿ ಮಾಡಿಕೊಳ್ಳುತ್ತಿದ್ದರು. ವಿಭಾಗದ ಬಗೆ 54 ಎಂದಿದ್ದರೆ ಅದರ ಗುರುತು. ಅಂಥ ಡಿಸ್ಕನ್ನು ಬೇರೆ ಯಂತ್ರಕ್ಕೆ ಹಾಕಿದರೆ ಖಾಲಿಯಾಗಿಯೋ ಕೆಟ್ಟಂತೆಯೋ ಕಾಣಬಹುದು. ಅದು ಖಾಲಿಯಲ್ಲ, ನಿಜವಾದ ಪಟ್ಟಿ ಕೆಲವು ಸೆಕ್ಟರುಗಳಷ್ಟು ಮುಂದಿದೆ, ಅಷ್ಟೇ.

ಗುರುತು ಸಿಕ್ಕ ಮೇಲೆ ಇಮೇಜಿನ ನಕಲನ್ನು ಹಳೆಯ ಕಂಪ್ಯೂಟರನ್ನು ಅನುಕರಿಸುವ 86ಬಾಕ್ಸ್‌ನಂಥ ಎಮ್ಯುಲೇಟರಿನಲ್ಲಿ, ಆ ಕಾಲದ ಮದರ್‌ಬೋರ್ಡನ್ನೇ ಆಯ್ದುಕೊಂಡು ಓಡಿಸಬಹುದು. ಆದರೆ ಹಲವು ಡಿಟಿಪಿ ತಂತ್ರಾಂಶಗಳು ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ, ನಕಲು ತಡೆಯುವ ಕೀಲಿಯಂಥ ಡಾಂಗಲ್ ಇಲ್ಲದೆ ತೆರೆಯುವುದೇ ಇಲ್ಲ. ಆದ್ದರಿಂದ ಸಿಪಿಯು ಹಿಂಬದಿಯಲ್ಲಿ ಸಿಕ್ಕಿಕೊಂಡಿರುವ ಆ ಪುಟ್ಟ ತುಂಡನ್ನು, ಮೂಲ ಫ್ಲಾಪಿಗಳನ್ನು, ಕೈಪಿಡಿಯನ್ನು ಡಿಸ್ಕಿನ ಜೊತೆಗೇ ಎತ್ತಿಡಬೇಕು.

ಕಾನೂನಿನ ಅಳುಕು ಹಲವರಿಗಿದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೆಯ ಕಲಮು, ತಂತ್ರಾಂಶದ ಪ್ರತಿಯನ್ನು ನ್ಯಾಯವಾಗಿ ಹೊಂದಿರುವವರು ನಷ್ಟ ಅಥವಾ ಹಾನಿಯಿಂದ ರಕ್ಷಣೆಗಾಗಿ ತಾತ್ಕಾಲಿಕ ಬ್ಯಾಕಪ್ ಇಟ್ಟುಕೊಳ್ಳಲು ಅವಕಾಶ ಕೊಡುತ್ತದೆ. ಊರಿಗೆಲ್ಲ ಹಂಚಲು ಕೊಡುವುದಿಲ್ಲ. ಮಾಲೀಕರೇ ಮುಂದೆ ಬಂದು ದಾರಿ ತೆರೆದ ಉದಾಹರಣೆಗಳೂ ಇವೆ: ಮೈಕ್ರೋಸಾಫ್ಟ್ ತನ್ನ ಡಾಸ್ 4.00ರ ಮೂಲ ಸಂಕೇತವನ್ನು 2024ರಲ್ಲಿ ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿತು. ನಮ್ಮ ಕನ್ನಡ ತಂತ್ರಾಂಶಗಳನ್ನು ರೂಪಿಸಿದವರೂ ತಮ್ಮ ಹಳೆಯ ಆವೃತ್ತಿಗಳಿಗೆ, ಕನಿಷ್ಠ ಅವುಗಳ ಫಾಂಟ್ ಹಂಚಿಕೆಯ ಪಟ್ಟಿಗಳಿಗೆ, ಇದನ್ನೇ ಮಾಡಬೇಕೆಂದು ಈ ಮಾತಿನ ಮೂಲಕ ಕೇಳಿಕೊಳ್ಳುತ್ತೇನೆ. ಕಾನೂನಿಗಿಂತ ಹೆಚ್ಚು ಸೂಕ್ಷ್ಮವಾದ ವಿಷಯ ಖಾಸಗಿತನ. ಪೂರ್ಣ ಪ್ರತಿಯಲ್ಲಿ ಅಳಿಸಿದ ಪತ್ರಗಳೂ, ತೋಟದ ಆಳುಗಳ ಬಟವಾಡೆ ಲೆಕ್ಕಗಳೂ, ಮನೆಯ ವ್ಯವಹಾರಗಳೂ ಇರುತ್ತವೆ. ಮಾಲೀಕರ ಲಿಖಿತ ಒಪ್ಪಿಗೆ ಇಲ್ಲದೆ ಪ್ರತಿ ತೆಗೆಯಬಾರದು, ಒಪ್ಪಿಗೆಯಲ್ಲಿ ಯಾರು, ಯಾವಾಗಿನಿಂದ ನೋಡಬಹುದು ಎಂಬುದು ಸ್ಪಷ್ಟವಾಗಿ ಇರಬೇಕು.

ಮೂಡಿಗೆರೆಯಲ್ಲಿ ಕುಳಿತು ಪೂರ್ಣಚಂದ್ರ ತೇಜಸ್ವಿಯವರು ಕನ್ನಡ ತಂತ್ರಾಂಶದ ಪ್ರಶ್ನೆಯನ್ನು ಬಹಿರಂಗವಾಗಿ ಎತ್ತಿದ್ದರು. ಆ ಚರ್ಚೆ ನಡೆದ ಕಾಲದ ಯಂತ್ರಗಳು ಅದೇ ಸೀಮೆಯಲ್ಲಿ ತೂಕಕ್ಕೆ ಮಾರಾಟವಾಗುತ್ತಿವೆ ಎಂಬುದು ನನಗೆ ಸಹಿಸಲಾಗದ ಸಂಗತಿ. ಹಾಸನದಲ್ಲಿ 1960ರಿಂದ ಎಂಜಿನಿಯರಿಂಗ್ ಕಾಲೇಜಿದೆ, ಚಿಕ್ಕಮಗಳೂರಿನಲ್ಲೂ ಇದೆ. ಕಂಪ್ಯೂಟರ್ ವಿಭಾಗದ ವಿದ್ಯಾರ್ಥಿಗಳಿಗೆ ಅಂತಿಮ ವರ್ಷದ ಪ್ರಾಜೆಕ್ಟಾಗಿ ಒಂದು ಪ್ರೆಸ್ಸು, ಒಂದು ಸಂಘ, ಒಂದು ತೋಟದ ಕಚೇರಿಯನ್ನು ವಹಿಸಿಕೊಟ್ಟು, ಅಲ್ಲಿನ ಡಿಸ್ಕುಗಳ ಇಮೇಜ್ ತೆಗೆದು, ಫಾಂಟುಗಳ ಪಟ್ಟಿ ಮಾಡಿ, ಗ್ರಂಥಾಲಯದಲ್ಲಿ ಬೀಗಮುದ್ರೆಯೊಂದಿಗೆ ಇರಿಸುವಂತೆ ಮಾಡಬಹುದು. ಇದಕ್ಕೆ ಬೇಕಾದ ತಂತ್ರಾಂಶಗಳೆಲ್ಲ ಉಚಿತ. ಜೂನ್‌ನಲ್ಲಿ ಮಳೆ ಹಿಡಿಯುವ ಮುನ್ನ, ಬೇಸಿಗೆ ರಜೆಯಲ್ಲೇ ಮೊದಲ ಸುತ್ತು ಮುಗಿಯುವಂತೆ ಈಗಲೇ ಪಟ್ಟಿ ಮಾಡಿಕೊಳ್ಳುವುದಾದರೆ, ನಾನು ಬಂದು ಜೊತೆಗೆ ಕುಳಿತು ಕೆಲಸ ಮಾಡಲು ಸಿದ್ಧನಿದ್ದೇನೆ.