ಗೊತ್ತಿಲ್ಲ ಎಂದು ಹೇಳಿ

ಕೇಳುಗರಿಗೆ ನಮಸ್ಕಾರ. ಸಾಗರ, ಸೊರಬ, ತೀರ್ಥಹಳ್ಳಿಗಳ ಮನೆಗಳಿಂದ ವೈದ್ಯಕೀಯ, ನರ್ಸಿಂಗ್, ಫಾರ್ಮಸಿ ಓದಲು ಹೋದ ಮಕ್ಕಳು ಮತ್ತು ರಾತ್ರಿ ಅವರ ಫೋನಿಗಾಗಿ ಕಾಯುವ ತಂದೆ ತಾಯಿಯರು ಕೇಳುತ್ತಿದ್ದೀರಿ ಎಂದು ಭಾವಿಸಿ ಮಾತನಾಡುತ್ತೇನೆ.

ಶಾಲೆಯುದ್ದಕ್ಕೂ ಮೊದಲ ಸ್ಥಾನದಲ್ಲೇ ಇದ್ದವರು ಕಾಲೇಜು ಸೇರಿದ ಕೆಲವೇ ತಿಂಗಳಲ್ಲಿ, ‘ನನಗೆ ಸೀಟು ಸಿಕ್ಕಿದ್ದು ಅದೃಷ್ಟದಿಂದ, ಇವತ್ತಲ್ಲ ನಾಳೆ ನನ್ನ ಬಂಡವಾಳ ಬಯಲಾಗುತ್ತದೆ’ ಎಂದು ಒಳಗೊಳಗೇ ಬೇಯುತ್ತಾರೆ. 1978ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆಯರಾದ ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ 150ಕ್ಕೂ ಹೆಚ್ಚು ಸಾಧಕ ಮಹಿಳೆಯರಲ್ಲಿ ಇದನ್ನೇ ಕಂಡು, ಇಂಪೋಸ್ಟರ್, ಅಂದರೆ ಸೋಗು ಹಾಕಿದವರು, ಎಂಬ ಪದವನ್ನು ಬಳಸಿದರು. ಇದು ಕಾಯಿಲೆಯಲ್ಲ, ಬಚ್ಚಿಟ್ಟಷ್ಟೂ ಬೆಳೆಯುವ ಭಯ. ಆದ್ದರಿಂದ ನಾನು ಹೇಳುವುದು ಒಂದೇ ಮಾತು: ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳಿ.

ಹೊಸನಗರದ ಕಡೆಯ ಅಡಿಕೆ ತೋಟದ ಮನೆಯ ಹುಡುಗಿಯೊಬ್ಬಳು ನನ್ನ ವಿದ್ಯಾರ್ಥಿನಿಯಾಗಿದ್ದಳು. ಕನ್ನಡ ಮಾಧ್ಯಮದಲ್ಲಿ ಓದಿ ಬಂದವಳು, ಅಂಕಗಳಲ್ಲಿ ಎಲ್ಲರಿಗಿಂತ ಮುಂದು. ಒಂದು ಬೆಳಿಗ್ಗೆ ರೌಂಡ್ಸ್‌ನಲ್ಲಿ, ಹೃದಯದ ಮೈಟ್ರಲ್ ಕವಾಟ ಕಿರಿದಾಗಿದ್ದ ರೋಗಿಯೊಬ್ಬರ ಎದೆಗೆ ಆರು ಮಂದಿ ಸರದಿಯಂತೆ ಸ್ಟೆತಸ್ಕೋಪ್ ಇಟ್ಟರು. ಮರ್ಮರ, ಅಂದರೆ ಕವಾಟದ ದೋಷದಿಂದ ಎದೆಬಡಿತದ ನಡುವೆ ಹುಟ್ಟುವ ಸದ್ದು, ಕೇಳಿಸಿತೇ ಎಂದು ವಿಚಾರಿಸಿದೆ. ಆರೂ ತಲೆಗಳು ಹೌದೆಂದು ಆಡಿದವು. ಸಂಜೆ ಆಕೆ ನನ್ನ ಕೋಣೆಯ ಬಾಗಿಲಲ್ಲಿ ನಿಂತು, ‘ಸರ್, ನನಗೇನೂ ಕೇಳಿಸಲಿಲ್ಲ, ಸುಳ್ಳು ಹೇಳಿದೆ, ಮನೆಗೆ ಹೋಗಿಬಿಡುತ್ತೇನೆ’ ಎಂದು ಅತ್ತಳು. ಅವಳನ್ನು ಮತ್ತೆ ವಾರ್ಡಿಗೆ ಕರೆದೊಯ್ದೆ. ರೋಗಿಯನ್ನು ಎಡ ಮಗ್ಗುಲಿಗೆ ಹೊರಳಿಸಿ, ಸ್ಟೆತಸ್ಕೋಪಿನ ಗಂಟೆಯಾಕಾರದ ಬದಿಯನ್ನು ಒತ್ತದೆ ಹಗುರವಾಗಿ ಇಡಿಸಿ, ಅವರಿಗೆ ಉಸಿರು ಬಿಟ್ಟು ತಡೆಯಲು ಹೇಳಿದೆ. ದೂರದ ಗುಡುಗಿನಂಥ ಆ ಸಣ್ಣ ಸದ್ದು ಕಿವಿಗೆ ಬಿದ್ದಾಗ ಅವಳ ಮುಖ ಅರಳಿದ್ದು ಇಂದಿಗೂ ನನ್ನ ಕಣ್ಣ ಮುಂದಿದೆ. ಮರುದಿನ ಅವಳೇ ಗೆಳೆಯರೆದುರು ನಿಜ ಹೇಳಿದಾಗ, ಉಳಿದ ಐವರಲ್ಲಿ ಮೂವರು ತಮಗೂ ಕೇಳಿಸಿರಲಿಲ್ಲವೆಂದರು. ಅವಳ ಕಿವಿಯಲ್ಲಿ ದೋಷವಿರಲಿಲ್ಲ, ಯೋಗ್ಯತೆಯಲ್ಲೂ ಇರಲಿಲ್ಲ. ರೋಗಿಯನ್ನು ಹೊರಳಿಸುವುದನ್ನು ನಾನು ಬೆಳಿಗ್ಗೆಯೇ ಕಲಿಸಬೇಕಿತ್ತು. ಅವಳು ಬಂದು ಹೇಳದಿದ್ದರೆ ನನಗದು ತಿಳಿಯುವ ದಾರಿಯೇ ಇರಲಿಲ್ಲ.

ನಮ್ಮ ಮಲೆನಾಡಿನದೇ ಮಾತು ನೋಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಜನ ಜ್ವರದಿಂದ ನರಳಿದಾಗ, ಅದೇನೆಂದು ಪರಿಣತರಿಗೂ ಗೊತ್ತಿರಲಿಲ್ಲ. ತಮಗೆ ಗೊತ್ತಿದ್ದ ಯಾವುದೋ ಜ್ವರದ ಹೆಸರನ್ನು ಅದಕ್ಕೆ ಅಂಟಿಸಿ ಸುಮ್ಮನಾಗದೆ ಹುಡುಕಿದ್ದರಿಂದಲೇ, ಉಣುಗು ಕಚ್ಚಿ ಹರಡುವ ಹೊಸ ವೈರಸ್ ಸಿಕ್ಕಿತು.

ಇನ್ನು ತಂದೆ ತಾಯಿಯರೇ, ಫೋನಿನಲ್ಲಿ ಪಕ್ಕದ ಮನೆಯವರ ಮಗನ ರ್‍ಯಾಂಕಿನ ವಿಚಾರವನ್ನು ದಯವಿಟ್ಟು ಎತ್ತಬೇಡಿ. ಎಷ್ಟು ಸಲ ಹೇಳಿದರೂ ಇದು ನಿಲ್ಲುತ್ತಿಲ್ಲ. ‘ಇವತ್ತು ಏನು ಅರ್ಥವಾಗಲಿಲ್ಲ?’ ಎಂದು ಕೇಳಿ, ಉತ್ತರವನ್ನು ಸಮಾಧಾನದಿಂದ ಆಲಿಸಿ.

ನಿದ್ದೆ, ಊಟ ಕೆಟ್ಟು, ಬದುಕೇ ಬೇಡವೆನಿಸುವ ಮಟ್ಟಕ್ಕೆ ಹೋದರೆ ತಡಮಾಡದೆ ಟೆಲಿ ಮಾನಸ್ ಸಹಾಯವಾಣಿಗೆ ಕರೆ ಮಾಡಿ. ಸಂಖ್ಯೆ 14416, ಶುಲ್ಕವಿಲ್ಲ, ಕನ್ನಡದಲ್ಲೇ ಮಾತನಾಡಬಹುದು. ಬರೆದುಕೊಳ್ಳಿ, ಇನ್ನೊಮ್ಮೆ ಹೇಳುತ್ತೇನೆ: ಒಂದು, ನಾಲ್ಕು, ನಾಲ್ಕು, ಒಂದು, ಆರು. ನಮಸ್ಕಾರ.