ಮೊದಲು ಬೆಳಕು, ಆಮೇಲೆ ಔಷಧಿ ಚೀಟಿ

ಸ್ನೇಹಿತರೆ,

ಕಿವಿ, ಮೂಗು, ಗಂಟಲಿನ ಉರಿಯೂತಗಳ ಬಗ್ಗೆ ಮಾತಾಡಿ ಎಂದು ನಲವತ್ತೈದು ನಿಮಿಷ ಕೊಟ್ಟಿದ್ದೀರಿ. ಮೂರಕ್ಕೂ ಸಮಪಾಲು ಹಾಕಿದರೆ ಹದಿನೈದು ನಿಮಿಷ, ಅಂದರೆ ಒಂದೊಂದು ಕಿವಿಗೆ ಏಳೂವರೆ. ಈ ಲೆಕ್ಕ ತಪ್ಪುತ್ತದೆ ಎಂದು ಈಗಲೇ ಹೇಳಿಬಿಡುತ್ತೇನೆ. ಕಿವಿ ಹೆಚ್ಚು ತಿನ್ನುತ್ತದೆ, ಗಂಟಲಿಗೆ ಕೊನೆಯ ಐದು ನಿಮಿಷ ಉಳಿಯುತ್ತದೆ.

ಇಲ್ಲಿ ಕೂತಿರುವವರಲ್ಲಿ ಬಹುತೇಕರು ದಿನವೂ ರೋಗಿಗಳನ್ನು ನೋಡುವ ಸಾಮಾನ್ಯ ವೈದ್ಯರು. ಅಂಗರಚನೆ ನಿಮಗೆ ಗೊತ್ತು, ಔಷಧಿಗಳ ಹೆಸರೂ ಗೊತ್ತು. ನನ್ನ ತಕರಾರು ಇರುವುದು ಇವೆರಡರ ನಡುವಿನ ಅರ್ಧ ನಿಮಿಷದ ಬಗ್ಗೆ. ರೋಗಿ 'ಕಿವಿ ನೋವು' ಎನ್ನುತ್ತಾನೆ, ಪೆನ್ನು ಆಗಲೇ 'ಅಮಾಕ್ಸಿಸಿಲಿನ್' ಎಂಬ ಆಂಟಿಬಯಾಟಿಕ್ ಬರೆದಿರುತ್ತದೆ. ನಡುವೆ ನೋಡಿದಿರಾ? ಈ ಪ್ರಶ್ನೆಯನ್ನು ಇವತ್ತು ಹತ್ತು ಸಲ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನೋಡುವುದು ಎಂದಾಗ ಮ್ಯಾನುಯೆಲ್ ಗಾರ್ಸಿಯಾನ ಕತೆ ಹೇಳದೆ ಮುಂದೆ ಹೋಗಲಾಗದು. ಆತ ವೈದ್ಯನೇ ಅಲ್ಲ, ಸಂಗೀತದ ಮೇಷ್ಟ್ರು. ಹಾಡುವಾಗ ಗಂಟಲೊಳಗೆ ಏನಾಗುತ್ತದೆ ಎಂದು ಕಣ್ಣಾರೆ ಕಾಣಬೇಕೆಂಬ ಹಟ ಅವನದು. 1854ರಲ್ಲಿ ಪ್ಯಾರಿಸ್‌ನಲ್ಲಿ ಅಡ್ಡಾಡುತ್ತಿದ್ದಾಗ ಕಿಟಕಿ ಗಾಜಿನ ಮೇಲೆ ಬಿಸಿಲು ಝಳಪಿಸಿತಂತೆ. ಒಂದು ಕನ್ನಡಿಯಿಂದ ಬೆಳಕು ಒಳಗೆ ಕಳಿಸಿ, ಇನ್ನೊಂದರಲ್ಲಿ ಬಿಂಬ ನೋಡಿದರಾಯಿತಲ್ಲ ಎಂದು ಅಲ್ಲೇ ಹೊಳೆಯಿತು. ನೆಟ್ಟಗೆ ಶಾರಿಯೇರ್ ಎಂಬ ಶಸ್ತ್ರಚಿಕಿತ್ಸಾ ಉಪಕರಣಗಳ ತಯಾರಕನ ಅಂಗಡಿಗೆ ಹೋಗಿ, ಉದ್ದ ಹಿಡಿಕೆಯ ಪುಟ್ಟ ಕನ್ನಡಿ ಇದೆಯೇ ಎಂದು ಕೇಳಿದ. ಇದ್ದದ್ದು ಹಲ್ಲಿನ ವೈದ್ಯರ ಕನ್ನಡಿ, 1851ರ ಲಂಡನ್ ಪ್ರದರ್ಶನದಲ್ಲಿ ಯಾರೂ ಮೂಸದ ಮಾಲು. ಆರು ಫ್ರಾಂಕ್ ಕೊಟ್ಟು ತಂದ. ಬಿಸಿನೀರಲ್ಲಿ ಅದ್ದಿ, ಒರೆಸಿ, ಕಿರುನಾಲಿಗೆಗೆ ಒತ್ತಿ ಹಿಡಿದು, ಕೈಗನ್ನಡಿಯಿಂದ ಬಿಸಿಲನ್ನು ಅದರ ಮೇಲೆ ಬಿಟ್ಟ. ತನ್ನದೇ ಧ್ವನಿಪೆಟ್ಟಿಗೆ ಬಾಯಿ ತೆರೆದು ನಿಂತಿತ್ತು! ಬಿಸಿನೀರಲ್ಲಿ ಏಕೆ ಅದ್ದಿದ? ಉಸಿರು ತಾಗಿ ಕನ್ನಡಿ ಮಂಜಾಗದಿರಲಿ ಎಂದು. ಇವತ್ತಿಗೂ ನಾವು ಮಾಡುವುದು ಅದನ್ನೇ.

ಕತೆ ಇನ್ನೂ ಇದೆ. ಮರುವರ್ಷ ಲಂಡನ್ನಿನ ರಾಯಲ್ ಸೊಸೈಟಿಗೆ ಪ್ರಬಂಧ ಹೋಯಿತು, ವೈದ್ಯರು ಕಿವಿಗೆ ಹಾಕಿಕೊಳ್ಳಲಿಲ್ಲ. ವಿಯೆನ್ನಾದ ವೈದ್ಯ ಟ್ಯುರ್ಕ್ 1857ರಲ್ಲಿ ರೋಗಿಗಳ ಮೇಲೆ ಪ್ರಯತ್ನಿಸಿದ, ಚಳಿಗಾಲ ಬಂದು ಬಿಸಿಲು ಹೋಯಿತು, ಕನ್ನಡಿಗಳನ್ನು ಎತ್ತಿಟ್ಟ. ಅವೇ ಕನ್ನಡಿಗಳನ್ನು ಶರೀರಶಾಸ್ತ್ರಜ್ಞ ಚರ್ಮಾಕ್ ಎರವಲು ಪಡೆದು ದೀಪದ ಬೆಳಕಲ್ಲಿ ನೋಡಿದ, ಕೆಲಸ ಆಯಿತು. ಆಮೇಲೆ ಯಾರು ಮೊದಲು ಎಂದು ಇಬ್ಬರಿಗೂ ಜಗಳ. ಗಾರ್ಸಿಯಾ ಮಾತ್ರ ಹಾಯಾಗಿ 101 ವರ್ಷ ಬದುಕಿದ. ಕನ್ನಡಿ ಇಬ್ಬರ ಬಳಿಯೂ ಇತ್ತು, ಒಬ್ಬನಿಗೆ ಬೆಳಕಿರಲಿಲ್ಲ, ಅಷ್ಟೆ. ನಿಮ್ಮ ಮೇಜಿನ ಡ್ರಾಯರಿನಲ್ಲಿರುವ ಓಟೋಸ್ಕೋಪಿನ, ಅಂದರೆ ಕಿವಿಯೊಳಗೆ ನೋಡುವ ದೀಪದ, ಬ್ಯಾಟರಿ ಬದಲಿಸಿ ಎಷ್ಟು ದಿನವಾಯಿತು? ಹಳದಿ ಬೆಳಕಲ್ಲಿ ಎಲ್ಲ ಕಿವಿತಮಟೆಯೂ ಕೆಂಪಾಗಿಯೇ ಕಾಣುತ್ತದೆ.

ಸರಿ, ಕಿವಿ. ದೊಡ್ಡವರಲ್ಲಿ ಕಿವಿಯಾಲೆಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ, ಪುಟ್ಟ ಮಕ್ಕಳಲ್ಲಿ ಕೆಳಕ್ಕೂ ಹಿಂದಕ್ಕೂ. ನಾಳಕ್ಕೆ ನೋವಿಲ್ಲದೆ ಹಿಡಿಸುವ ಅತಿ ದೊಡ್ಡ ಸ್ಪೆಕ್ಯುಲಂ, ಅಂದರೆ ಓಟೋಸ್ಕೋಪಿನ ತುದಿಯ ಕೊಳವೆ, ಹಾಕಿ. ಚಿಕ್ಕದು ಹಾಕಿದರೆ ಬೀಗದ ಕಿಂಡಿಯಲ್ಲಿ ಇಣುಕಿದಂತೆ. ಓಟೋಸ್ಕೋಪನ್ನು ಪೆನ್ನು ಹಿಡಿದಂತೆ ಹಿಡಿದು ಕಿರುಬೆರಳನ್ನು ರೋಗಿಯ ಕೆನ್ನೆಗೆ ಊರಿ, ಮಗು ತಲೆ ಕೊಡವಿದರೆ ಕೈಯೂ ಜೊತೆಗೇ ಹೋಗುತ್ತದೆ, ತುದಿ ಚುಚ್ಚುವುದಿಲ್ಲ. ಮೊದಲು ನೋವಿಲ್ಲದ ಕಿವಿ ನೋಡಿ.

ಒಳಗೆ ಇಣುಕುವ ಮುಂಚೆ ಬೆರಳಿನ ಪರೀಕ್ಷೆಯೊಂದಿದೆ. ಕಿವಿಯ ಬಾಯಿಗೆ ಅಡ್ಡ ನಿಂತಿರುವ ಪುಟ್ಟ ತುಣುಕು, ಟ್ರೇಗಸ್, ಅದನ್ನು ಒತ್ತಿ. ಆಲೆಯನ್ನು ಮೆಲ್ಲಗೆ ಎಳೆಯಿರಿ. ಚೀರಿದರೆ ತೊಂದರೆ ಹೊರಕಿವಿಯ ನಾಳದಲ್ಲಿದೆ. ಹೊರಕಿವಿಯ ಉರಿಯೂತಕ್ಕೆ ಮುಖ್ಯ ಕಾರಣ ಸ್ಯುಡೊಮೊನಾಸ್ ಮತ್ತು ಸ್ಟೆಫಿಲೋಕಾಕಸ್ ಎಂಬ ಬ್ಯಾಕ್ಟೀರಿಯಾಗಳು. ಇದಕ್ಕೆ ನುಂಗುವ ಅಮಾಕ್ಸಿಸಿಲಿನ್ ಏನೂ ಮಾಡುವುದಿಲ್ಲ, ಸ್ಯುಡೊಮೊನಾಸ್ ಅದಕ್ಕೆ ಜಗ್ಗುವುದೇ ಇಲ್ಲ. ಬೇಕಾದದ್ದು ಕಸ ತೆಗೆದು ಶುಚಿ ಮಾಡುವುದು ಮತ್ತು ಕಿವಿಗೇ ಹಾಕುವ ಹನಿ. ನಾಳ ಊದಿ ಮುಚ್ಚಿದ್ದರೆ ಹನಿ ಒಳಗೇ ಇಳಿಯುವುದಿಲ್ಲ, ಬಾಯಿಯಲ್ಲೇ ನಿಂತು ಹೊರಗೆ ಹರಿಯುತ್ತದೆ. ಮೂರು ದಿನ ಬಿಟ್ಟು ರೋಗಿ 'ಗುಣವಾಗಲಿಲ್ಲ' ಎಂದು ಬಂದಾಗ ನಾವು ಔಷಧಿ ಬದಲಿಸುತ್ತೇವೆ. ತಪ್ಪು ಔಷಧಿಯದಲ್ಲ, ದಾರಿಯದು. ಅಂಥ ಕಡೆ ತೆಳ್ಳನೆಯ ಬತ್ತಿ ತೂರಿಸಿ ಅದರ ಮೇಲೆ ಹನಿ ಬಿಡಿ. ಎರಡು ಮೂರು ದಿನದಲ್ಲಿ ಊತ ಇಳಿದ ಮೇಲೆ ಬತ್ತಿ ತೆಗೆಯಿರಿ.

ತುರಿಕೆಯೇ ಹೆಚ್ಚು, ಒಳಗೆ ಒದ್ದೆ ಕಾಗದದಂಥ ಬೂದು ಮುದ್ದೆ, ಮೇಲೆ ಕಪ್ಪು ಚುಕ್ಕೆ ಇದ್ದರೆ ಅದು ಆಸ್ಪರ್ಜಿಲಸ್ ಶಿಲೀಂಧ್ರ. ಆಂಟಿಬಯಾಟಿಕ್ ಹನಿ ಹಾಕುತ್ತ ಹೋದಷ್ಟೂ ಅದಕ್ಕೆ ಹಬ್ಬ. ಮುದ್ದೆ ಪೂರ್ತಿ ತೆಗೆದು ಕ್ಲೋಟ್ರಿಮಜೋಲ್ ಎಂಬ ಶಿಲೀಂಧ್ರನಾಶಕ ಹಾಕಬೇಕು. ನೋಡದೆ ಇದು ಗೊತ್ತಾಗುತ್ತದೆಯೇ?

ಇಲ್ಲೊಂದು ಎಚ್ಚರಿಕೆ. ವಯಸ್ಸಾದ ಮಧುಮೇಹಿ, ರಾತ್ರಿ ನಿದ್ದೆಗೆಡಿಸುವ ನೋವು, ನಾಳದ ತಳದಲ್ಲಿ ಮೂಳೆ ಮತ್ತು ಮೃದ್ವಸ್ಥಿ ಸೇರುವ ಜಾಗದಲ್ಲಿ ಕೆಂಪು ಮಾಂಸದ ಕುಡಿ. ಸೋಂಕು ತಲೆಬುರುಡೆಯ ತಳದ ಮೂಳೆಗೆ ಇಳಿಯುತ್ತಿದೆ. ಮುಖದ ಒಂದು ಬದಿ ಸೋತರೆ ಆಗಲೇ ತಡವಾಗಿದೆ. ಇದಕ್ಕೆ ಸಿಪ್ರೋಫ್ಲಾಕ್ಸಸಿನ್ ಆಂಟಿಬಯಾಟಿಕ್ ವಾರಗಟ್ಟಲೆ, ಸಾಮಾನ್ಯವಾಗಿ ಆರು ವಾರ ಬೇಕು. ಆ ಕುಡಿಯ ಚೂರನ್ನು ಪರೀಕ್ಷೆಗೆ ಕಳಿಸಿ, ಕ್ಯಾನ್ಸರ್ ಕೂಡ ಇದೇ ವೇಷದಲ್ಲಿ ಬರುತ್ತದೆ.

ಮಧ್ಯಕಿವಿಗೆ ಬನ್ನಿ. ಅಳುವ ಮಗುವಿನ ತಮಟೆ ಕೆಂಪಾಗಿರುತ್ತದೆ, ಜ್ವರ ಬಂದ ಮಗುವಿನದೂ ಕೆಂಪಾಗಿರುತ್ತದೆ. ಕೆಂಪೊಂದೇ ಸಾಕ್ಷಿಯಲ್ಲ. ತಮಟೆ ಹೊರಕ್ಕೆ ಉಬ್ಬಿದೆಯೇ ನೋಡಿ. ರಬ್ಬರ್ ಬಲ್ಬು ಜೋಡಿಸಿ ಗಾಳಿ ಊದಿದರೆ ತೀವ್ರ ಸೋಂಕಿನ ತಮಟೆ ಅಲುಗುವುದಿಲ್ಲ. ಮಗುವಿಗೆ ಆರು ತಿಂಗಳು ತುಂಬಿಲ್ಲದಿದ್ದರೆ, ಕಿವಿ ಸೋರುತ್ತಿದ್ದರೆ, 39 ಡಿಗ್ರಿ ದಾಟಿದ ಜ್ವರವಿದ್ದರೆ, ಎರಡು ವರ್ಷದೊಳಗಿನ ಮಗುವಿಗೆ ಎರಡೂ ಕಿವಿ ಬಾಧಿಸಿದ್ದರೆ ಆಂಟಿಬಯಾಟಿಕ್ ಶುರು ಮಾಡಿ. ಉಳಿದವರಿಗೆ ನೋವಿನ ಔಷಧಿ ಕೊಟ್ಟು 48ರಿಂದ 72 ಗಂಟೆ ಕಾಯಬಹುದು. ಆದರೆ ಮತ್ತೆ ಬಂದು ತೋರಿಸುವ ಮನೆಯವರಾಗಿರಬೇಕು. ಕೊಡುವುದಾದರೆ ಸರಿಯಾಗಿ ಕೊಡಿ: ಅಮಾಕ್ಸಿಸಿಲಿನ್ ದಿನಕ್ಕೆ ಕಿಲೋ ತೂಕಕ್ಕೆ 80ರಿಂದ 90 ಮಿಲಿಗ್ರಾಂ, ಎರಡು ಪಾಲಾಗಿ, ಎರಡು ವರ್ಷದೊಳಗೆ ಹತ್ತು ದಿನ. ಅರ್ಧ ಡೋಸು ಮೂರು ದಿನ ಕೊಟ್ಟರೆ ಬ್ಯಾಕ್ಟೀರಿಯಾಕ್ಕೆ ತರಬೇತಿ ಕೊಟ್ಟಂತೆ. ನೋವು ಹೋದ ಮೇಲೂ ತಮಟೆಯ ಹಿಂದೆ ನೀರು ಮೂರು ತಿಂಗಳವರೆಗೆ ನಿಲ್ಲಬಹುದು, ಅದಕ್ಕೆ ಮತ್ತೊಂದು ಬಾಟಲಿ ಬೇಡ. ದೊಡ್ಡವರಲ್ಲಿ ಒಂದೇ ಕಿವಿಯಲ್ಲಿ ಹೀಗೆ ನೀರು ನಿಂತರೆ ಮೂಗಿನ ಹಿಂಭಾಗವನ್ನು ನೋಡಿ, ಅಲ್ಲಿ ಗಡ್ಡೆ ಕೂತಿರಬಹುದು.

ಇನ್ನು ಹಳೆಯ ಸೋರುವ ಕಿವಿ. ಇದರ ಮೇಲೆ ನನಗೆ ಮಮತೆ ಜಾಸ್ತಿ, ಏಕೆಂದರೆ ಇಲ್ಲಿ ಔಷಧಿಗಿಂತ ಕೈಕೆಲಸ ಮುಖ್ಯ. ಕೀವಿನ ಕೊಳದ ಮೇಲೆ ಹನಿ ಬಿಟ್ಟರೆ ಅದು ಕೀವಿನಲ್ಲಿ ತೇಲುತ್ತದೆ. ಮೊದಲು ಒಣಗಿಸಿ. ಶುಭ್ರವಾದ ಹತ್ತಿ ಬಟ್ಟೆ ಅಥವಾ ಗಟ್ಟಿ ಟಿಶ್ಯೂ ಕಾಗದವನ್ನು ಮೊನಚಾಗಿ ಹೊಸೆದು ಕಿವಿಯಲ್ಲಿಟ್ಟು, ಒದ್ದೆಯಾಗುವತನಕ ಒಂದು ನಿಮಿಷ ಬಿಟ್ಟು ತೆಗೆಯಿರಿ. ಹೊಸದು ಇಡಿ. ಬತ್ತಿ ಒಣಗಿಯೇ ಹೊರಬರುವವರೆಗೆ ಇದೇ ಕೆಲಸ, ದಿನಕ್ಕೆ ಮೂರು ಸಲವಾದರೂ. ತಾಯಿಗೆ ಮಾತಲ್ಲಿ ಹೇಳಿದರೆ ಸಾಲದು, ಮಾಡಿ ತೋರಿಸಿ, ನಿಮ್ಮೆದುರೇ ಅವರ ಕೈಯಲ್ಲಿ ಮಾಡಿಸಿ. ಕಡ್ಡಿಗೆ ಸುತ್ತಿದ ಹತ್ತಿ ಮನೆಯವರ ಕೈಗೆ ಕೊಡಬೇಡಿ, ಒಳಗೇ ಉಳಿದುಬಿಡುತ್ತದೆ. ಆಮೇಲೆ ಸಿಪ್ರೋಫ್ಲಾಕ್ಸಸಿನ್ ಹನಿ, ದಿನಕ್ಕೆ ಎರಡು ಬಾರಿ, ಎರಡು ವಾರ. ಬಾಟಲಿಯನ್ನು ಕೆಲವು ನಿಮಿಷ ಮುಷ್ಟಿಯಲ್ಲಿ ಹಿಡಿದು ಬೆಚ್ಚಗೆ ಮಾಡಿ, ತಣ್ಣನೆಯ ಹನಿ ಒಳಕಿವಿಯ ಅರ್ಧವೃತ್ತ ನಾಳವನ್ನು ಕೆಣಕಿ ತಲೆ ಗಿರ್ರೆನ್ನಿಸುತ್ತದೆ. ಹನಿ ಹಾಕಿ ಟ್ರೇಗಸ್ಸನ್ನು ನಾಲ್ಕೈದು ಸಲ ಒತ್ತಿ ಬಿಟ್ಟರೆ ಔಷಧಿ ತಮಟೆಯ ತೂತಿನಿಂದ ಒಳಗಿಳಿಯುತ್ತದೆ. ಜೆಂಟಾಮೈಸಿನ್, ನಿಯೋಮೈಸಿನ್ ಹನಿಗಳನ್ನು ತೂತಿರುವ ತಮಟೆಗೆ ಹಾಕಬೇಡಿ, ಅವು ಒಳಕಿವಿಗೆ ವಿಷ. ಸಿಪ್ರೋಫ್ಲಾಕ್ಸಸಿನ್‌ನಂಥ ಕ್ವಿನೋಲೋನ್ ಹನಿ ಕೈಗೆ ಸಿಗುವಾಗ ಆ ಜೂಜು ಏಕೆ?

ಎರಡು ವಾರಕ್ಕೂ ಒಣಗದಿದ್ದರೆ ಮತ್ತೆ ನೋಡಿ. ತೂತು ತಮಟೆಯ ನಡುವೆ ಇದೆಯೋ, ಮೇಲ್ತುದಿಯಲ್ಲೋ? ಮೇಲ್ತುದಿಯಲ್ಲಿ ಬಿಳಿ ಪೊರೆ, ಸೋರುವುದು ಸ್ವಲ್ಪ, ದುರ್ವಾಸನೆ ವಿಪರೀತ ಎಂದರೆ ಕೊಲೆಸ್ಟಿಯಟೋಮ. ಇದು ಮೂಳೆ ಕೊರೆಯುವ ಚರ್ಮದ ಚೀಲ, ಹನಿಗೆ ಬಗ್ಗುವುದಿಲ್ಲ, ಶಸ್ತ್ರಚಿಕಿತ್ಸೆಯೇ ಆಗಬೇಕು. ಸೋರುವ ಕಿವಿಯ ಜೊತೆ ತಲೆನೋವು, ವಾಂತಿ, ಜ್ವರ ಸೇರಿದರೆ, ಇಲ್ಲವೇ ಕಿವಿಯ ಹಿಂದೆ ಊದಿ ಆಲೆ ಮುಂದಕ್ಕೆ ಕೆಳಕ್ಕೆ ತಳ್ಳಿಸಿಕೊಂಡರೆ, ಅವತ್ತೇ ದೊಡ್ಡಾಸ್ಪತ್ರೆಗೆ ಕಳಿಸಿ. ನಾಳೆಗೆ ಬೇಡ.

ಅಧ್ಯಕ್ಷರು ಗಡಿಯಾರ ನೋಡಿಕೊಂಡರು, ನಾನೂ ನೋಡಿದೆ. ಹೇಳಿದಂತೆಯೇ ಆಯಿತು, ಮೂಗು ಬೇಗ ಮುಗಿಸುತ್ತೇನೆ.

ಸಿಂಬಳ ಹಸಿರಾದರೆ ಬ್ಯಾಕ್ಟೀರಿಯಾ ಎಂಬ ನಂಬಿಕೆ ವೈದ್ಯರಲ್ಲೂ ಗಟ್ಟಿ. ಆ ಹಸಿರು ನಮ್ಮದೇ ಬಿಳಿ ರಕ್ತಕಣಗಳೊಳಗಿನ ಕಿಣ್ವದ ಬಣ್ಣ, ವೈರಸ್ ನೆಗಡಿಯಲ್ಲೂ ಬರುತ್ತದೆ. ಬಣ್ಣ ಬಿಟ್ಟು ದಿನ ಎಣಿಸಿ: ಹತ್ತು ದಿನವಾದರೂ ಇಳಿಯದಿದ್ದರೆ, ಅಥವಾ ಇಳಿಯುತ್ತಿದ್ದದ್ದು ಮತ್ತೆ ಏರಿದರೆ ಬ್ಯಾಕ್ಟೀರಿಯಾ ಬಗ್ಗೆ ಯೋಚಿಸಿ. ಸೈನಸ್ಸಿಗೆ ಮಾಮೂಲಿ ಎಕ್ಸ್‌ರೇ ದುಡ್ಡು ದಂಡ. 12 ವಾರ ದಾಟಿದ್ದು ದೀರ್ಘಕಾಲದ್ದು, ಅದಕ್ಕೆ ಎಂಡೋಸ್ಕೋಪಿಯೋ ಸಿಟಿ ಸ್ಕ್ಯಾನೋ ಬೇಕು. ಮೂಗು ತೊಳೆಯಲು ಲೀಟರಿಗೆ 9 ಗ್ರಾಂ ಉಪ್ಪು, ನೀರು ಕುದಿಸಿ ಆರಿಸಿದ್ದೇ ಆಗಬೇಕು. ಸ್ಟಿರಾಯ್ಡ್ ಸ್ಪ್ರೇ ಬರೆದರೆ ಹಾಕುವ ಕ್ರಮವನ್ನೂ ತೋರಿಸಿ: ತಲೆ ಸ್ವಲ್ಪ ಬಗ್ಗಿಸಿ, ಎಡ ಹೊಳ್ಳೆಗೆ ಬಲಗೈ, ಬಲ ಹೊಳ್ಳೆಗೆ ಎಡಗೈ. ಆಗ ತುದಿ ನಡುಗೋಡೆ ಬಿಟ್ಟು ಹೊರಗೋಡೆಯತ್ತ ತಿರುಗುತ್ತದೆ. ಜೋರಾಗಿ ಎಳೆದುಕೊಂಡರೆ ಔಷಧಿ ಗಂಟಲಿಗೆ. 'ಸ್ಪ್ರೇ ಹಾಕಿದರೆ ರಕ್ತ ಬರುತ್ತೆ' ಎನ್ನುವವರಲ್ಲಿ ಬಹುತೇಕರು ನಡುಗೋಡೆಗೆ ಹೊಡೆದುಕೊಂಡವರೇ. ಕಟ್ಟಿದ ಮೂಗು ಬಿಡಿಸುವ ಆಕ್ಸಿಮೆಟಾಜೋಲಿನ್ ಐದು ದಿನಕ್ಕೆ ನಿಲ್ಲಿಸಿ, ಇಲ್ಲವಾದರೆ ಹನಿಯೇ ಮೂಗು ಕಟ್ಟಿಸಲು ಶುರು ಮಾಡುತ್ತದೆ. ಮಗುವಿನ ಒಂದೇ ಹೊಳ್ಳೆಯಲ್ಲಿ ನಾರುವ ಸಿಂಬಳವಿದ್ದರೆ ಒಳಗೆ ಏನೋ ಸಿಕ್ಕಿಕೊಂಡಿದೆ. ನೋಡಿದಿರಾ? ಅದು ಬಟನ್ ಬ್ಯಾಟರಿಯಾದರೆ ಗಂಟೆಗಳಲ್ಲೇ ಮೂಗಿನ ಗೋಡೆ ಸುಡುತ್ತದೆ, ಕೂಡಲೇ ತೆಗೆಯಬೇಕು. ಸೈನಸ್ ಸೋಂಕಿನ ಜೊತೆಗೆ ಕಣ್ಣಿನ ರೆಪ್ಪೆ ಊದಿ ಗುಡ್ಡೆ ಮುಂದಕ್ಕೆ ಬಂದರೂ ಕಾಯಬೇಡಿ.

ಗಂಟಲು. ಕೆಮ್ಮು, ನೆಗಡಿ, ಒಡೆದ ಧ್ವನಿ ಇದ್ದರೆ ವೈರಸ್ಸೇ ಹೆಚ್ಚು. ಜ್ವರ, ಟಾನ್ಸಿಲ್ ಮೇಲೆ ಕೀವು, ಕತ್ತಿನ ಮುಂಭಾಗದಲ್ಲಿ ಮುಟ್ಟಿದರೆ ನೋಯುವ ಗಂಟು, ಕೆಮ್ಮಿಲ್ಲದಿರುವುದು, ಈ ನಾಲ್ಕರಲ್ಲಿ ಮೂರಾದರೂ ಇದ್ದರೆ ಸ್ಟ್ರೆಪ್ಟೋಕಾಕಸ್ ಪರೀಕ್ಷೆ ಮಾಡಿಸಿ. ಪರೀಕ್ಷೆಯಲ್ಲಿ ಅದು ಕಂಡುಬಂದರೆ ಪೆನಿಸಿಲಿನ್ ಹತ್ತು ದಿನ ಪೂರ್ತಿ, ರುಮ್ಯಾಟಿಕ್ ಜ್ವರ ತಡೆಯಲು. ಬೂದು ಪೊರೆ, ಕೆರೆದರೆ ರಕ್ತ ಎಂದರೆ ಡಿಫ್ತೀರಿಯಾ, ವರದಿಗೆ ಕಾಯದೆ ಆಂಟಿಟಾಕ್ಸಿನ್. ಬಾಯಿ ತೆರೆಯಲಾಗದೆ, ಕಿರುನಾಲಿಗೆ ಒಂದು ಕಡೆಗೆ ಸರಿದಿದ್ದರೆ ಟಾನ್ಸಿಲ್ ಪಕ್ಕ ಕೀವಿನ ಬಾವು. ಸೂಜಿಯಲ್ಲಿ ಎಳೆಯುವವರು ಒಂದು ಸೆಂಟಿಮೀಟರಿನಷ್ಟೇ ತುದಿ ಬಿಟ್ಟು ಉಳಿದದ್ದಕ್ಕೆ ಕವಚ ಹಾಕಿಕೊಳ್ಳಿ, ನೇರ ಹಿಂದಕ್ಕೆ ಹೋಗಿ, ಪಕ್ಕಕ್ಕೆ ಬೇಡ, ಅಲ್ಲಿ ಕೆರೋಟಿಡ್ ಅಪಧಮನಿ ಇದೆ. ನಾಲ್ಕು ವಾರ ದಾಟಿದ ಒಡಕು ಧ್ವನಿಗೆ ಗಾರ್ಸಿಯಾನ ಕನ್ನಡಿ ಹಿಡಿಯಲೇಬೇಕು.

ಚೀಟಿ ಬಂತು, ಒಂದೇ ನಿಮಿಷವಂತೆ. ಹಾಗಾದರೆ ಇಲ್ಲಿಯವರೆಗೆ ಹೇಳಿದ್ದಕ್ಕೆ ಅಪವಾದವೊಂದನ್ನು ಹೇಳಿ ಇಳಿಯುತ್ತೇನೆ. ತೀವ್ರ ಜ್ವರ, ಜೊಲ್ಲು ನುಂಗಲಾಗದೆ ಸುರಿಯುತ್ತಿದೆ, ಮಗು ಮುಂದಕ್ಕೆ ಬಾಗಿ ಕೈಯೂರಿ ಗದ್ದ ಚಾಚಿ ಕೂತಿದೆ, ಉಸಿರೆಳೆದಾಗ ಸೀಟಿಯಂಥ ಸದ್ದು. ಇದು ಕಿರುನಾಲಿಗೆಯದಲ್ಲ, ಎಪಿಗ್ಲಾಟಿಸ್ಸಿನ, ಅಂದರೆ ಉಸಿರುನಾಳದ ಬಾಯಿಯ ಮುಚ್ಚಳದ, ಊತ. ಈ ಒಂದು ಮಗುವಿನ ಗಂಟಲನ್ನು ನೋಡಬೇಡಿ. ನಾಲಿಗೆ ಒತ್ತುವ ಪಟ್ಟಿ ಮುಟ್ಟಬೇಡಿ, ಮಲಗಿಸಬೇಡಿ, ಸೂಜಿ ಚುಚ್ಚಿ ಅಳಿಸಬೇಡಿ. ತಾಯಿಯ ಮಡಿಲಲ್ಲೇ ಕೂರಿಸಿ, ಹತ್ತಿರದಿಂದ ಆಮ್ಲಜನಕ ಬಿಟ್ಟು, ಉಸಿರುನಾಳಕ್ಕೆ ಕೊಳವೆ ಹಾಕಬಲ್ಲ ಅರಿವಳಿಕೆ ತಜ್ಞರಿರುವ ಕಡೆಗೆ ಫೋನ್ ಮಾಡಿ, ಜೊತೆಗೆ ನೀವೂ ಹೋಗಿ.